ಎಡದವಡೆಯ ಗಂಟು

ಬೆಳಗಿನಿಂದ ಅವನು ಮುನ್ನೂರಕ್ಕೂ ಹೆಚ್ಚು ಗಂಟುಗಳನ್ನು ಕೊಯ್ದು ನೋಡಿದ್ದ. ಒಂದರಲ್ಲೂ ಏನೂ ಇರಲಿಲ್ಲ. ಬೇರೆ ದಿನವಾಗಿದ್ದರೆ ಕಸಾಯಿಖಾನೆಯ ಪರೀಕ್ಷಕನಿಗೆ ಇದಕ್ಕಿಂತ ನೆಮ್ಮದಿಯ ಸಂಗತಿ ಇರುತ್ತಿರಲಿಲ್ಲ. ಇವತ್ತು ಮಾತ್ರ ಒಂದೊಂದು ಗಂಟೂ ಚಾಕುವಿನ ಕೆಳಗೆ ಒದ್ದೆಯಾಗಿ, ನುಣ್ಣಗೆ, ಏನೂ ಗೊತ್ತಿಲ್ಲದ ಹಾಗೆ ಬಾಯಿ ತೆರೆದಾಗ ಅವನಿಗೆ ಯಾರೋ ಹಂಗಿಸಿದಂತಾಗುತ್ತಿತ್ತು. ಮೇಲಿನ ಕಂಬಿಯಲ್ಲಿ ಸರಪಳಿ ತೆವಳುತ್ತಿತ್ತು. ಅದರ ಕೊಕ್ಕೆಗಳಲ್ಲಿ ಚರ್ಮ ಸುಲಿದ ಎಮ್ಮೆಗಳ ತಲೆಗಳು ನಾಲಿಗೆ ಹೊರಗೆ ಬಿಟ್ಟುಕೊಂಡು ಒಂದರ ಹಿಂದೊಂದು ಬಂದು, ಅವನ ಮುಂದೆ ಒಂದು ನಿಮಿಷ ನಿಂತು, ಮುಂದೆ ಹೋಗುತ್ತಿದ್ದವು. ಆ ಒಂದು ನಿಮಿಷದಲ್ಲಿ ದವಡೆಯ ಕೆಳಗೆ ಎರಡು, ಗಂಟಲಿನ ಹಿಂದೆ ಎರಡು, ಕಿವಿಯ ಬುಡದಲ್ಲಿ ಎರಡು, ಒಟ್ಟು ಆರು ಗಂಟುಗಳನ್ನು ಕೊಬ್ಬಿನ ಒಳಗಿಂದ ಹುಡುಕಿ ತೆಗೆದು, ಒಂದೊಂದಕ್ಕೂ ಎರಡು ಸಲ ಚಾಕು ಹಾಕಿ ಒಳಗು ನೋಡಬೇಕು. ಮೈಯೊಳಗೆ ರಕ್ತವಲ್ಲದ ಇನ್ನೊಂದು ನೀರು, ದುಗ್ಧರಸ ಅನ್ನುವ ತಿಳಿನೀರು, ಯಾರ ಗಮನಕ್ಕೂ ಬಾರದೆ ಹರಿದಾಡುತ್ತದೆ. ಅದರ ದಾರಿಯುದ್ದಕ್ಕೂ ಈ ಗಂಟುಗಳು ಕಾವಲು ಕೂತಿರುತ್ತವೆ. ನಾಲಿಗೆಗೆ ಬಂದ ಕೊಳೆ ದವಡೆಯ ಗಂಟಿಗೆ, ಶ್ವಾಸಕೋಶದ್ದು ಎದೆಯ ಗಂಟಿಗೆ, ಮುಂಗಾಲಿನದು ಹೆಗಲ ಮುಂದಿನ ಗಂಟಿಗೆ. ಒಂದರ ಸರಹದ್ದಿಗೆ ಇನ್ನೊಂದು ಹೋಗುವುದಿಲ್ಲ. ಹಾಗಾಗಿ ಗಂಟು ಸುಳ್ಳು ಹೇಳುವುದಿಲ್ಲ ಎಂಬುದು ಅವನ ಹತ್ತೊಂಬತ್ತು ವರ್ಷದ ಅನುಭವ. ಮುಂದಿನ ತಲೆ ಬಂತು. ಅವನು ಚಾಕುವನ್ನು ಕುದಿನೀರಿನ ಡಬ್ಬಿಯಲ್ಲಿ ಅದ್ದಿ, ಇನ್ನೊಂದನ್ನು ಕೈಗೆ ತೆಗೆದುಕೊಂಡ.

ಅವನ ಎಡಕ್ಕೆ ನಾಲ್ಕು ಹೆಜ್ಜೆ ಆಚೆ ತಲೆಯಣ್ಣನ ಮೇಜು. ಪರೀಕ್ಷೆ ಮುಗಿದ ತಲೆಗಳನ್ನು ಕೊಕ್ಕೆಯಿಂದ ಇಳಿಸಿ, ನಾಲಿಗೆ ಬಿಡಿಸಿ, ದವಡೆ ಸೀಳಿ, ಕೆನ್ನೆಯ ಮಾಂಸ ತೆಗೆಯುವುದು ತಲೆಯಣ್ಣನ ಕೆಲಸ. ಇಪ್ಪತ್ತಾರು ವರ್ಷ ತಲೆ ಬಿಟ್ಟು ಬೇರೇನನ್ನೂ ಮುಟ್ಟದ ಕಾರಣಕ್ಕೆ ಆ ಹೆಸರು. "ಈ ಕಟ್ಟಡದಲ್ಲಿ ತಲೆ ಇರೋನು ನಾನೊಬ್ಬನೇ" ಎಂದು ಅವನೇ ಹೊಸಬರಿಗೆ ಹೇಳಿಕೊಂಡು ನಗುತ್ತಿದ್ದ. ಕೈಗವಸು ಹಾಕಿದರೆ ಚಾಕುವಿಗೆ ಎಲುಬಿನ ಸಂದು ತಿಳಿಯುವುದಿಲ್ಲ ಎಂದು ಬರಿಗೈಯಲ್ಲೇ ಕೆಲಸ ಮಾಡುವವನು. ಇವತ್ತು ಅವನು ಬಲಗೈಯನ್ನು ಮೈಯಿಂದ ಸ್ವಲ್ಪ ದೂರ ಹಿಡಿದುಕೊಂಡು, ಕಂಕುಳಲ್ಲಿ ಮೊಟ್ಟೆ ಇಟ್ಟುಕೊಂಡವನಂತೆ ಚಾಕು ಆಡಿಸುತ್ತಿದ್ದ. ಮೂರು ವಾರದ ಹಿಂದೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಅಂಗಿ ಬಿಚ್ಚಿ ಕೈ ಮೇಲೆತ್ತಿ, "ಡಾಕ್ಟ್ರೇ, ನೀವು ಗಂಟು ನೋಡೋರಲ್ವಾ, ಇದನ್ನೂ ಸ್ವಲ್ಪ ನೋಡಿ" ಎಂದಿದ್ದ. ಕಂಕುಳಲ್ಲಿ ನಿಂಬೆಹಣ್ಣಿನ ಗಾತ್ರದ ಊತ. ಪರೀಕ್ಷಕನ ಬೆರಳುಗಳು ತಮ್ಮಷ್ಟಕ್ಕೆ ತಾವೇ ಅದನ್ನು ಹಿಡಿದು, ಅಲುಗಿಸಿ, ಅಂಚು ತಡವಿದ್ದವು. ಅಲುಗಲಿಲ್ಲ. ಎರಡು ಮೂರು ಗಂಟು ಒಂದಕ್ಕೊಂದು ಅಂಟಿಕೊಂಡಿದ್ದವು. ಆಮೇಲೆ, ಕೇಳದೆಯೇ, ತಲೆಯಣ್ಣನ ಬಲಗೈ ತಿರುಗಿಸಿ ತೋರುಬೆರಳು ನೋಡಿದ. ಬೆರಳಿನ ಬುಡದಲ್ಲಿ ಒರಟಾದ, ನೇರಳೆ ಅಂಚಿನ ನರಹುಲಿ. "ಅದಾ? ಅದು ಆಗ್ಲೇ ಆರು ತಿಂಗಳಿಂದ ಇದೆ. ಗಾಯ ಆಗಿತ್ತು, ಮಾಯ್ತು, ಆಮೇಲೆ ಈ ಗುಳ್ಳೆ ಉಳ್ಕೊಳ್ತು" ಎಂದ ತಲೆಯಣ್ಣ. ಪರೀಕ್ಷಕ ಆ ಕೈ ಬಿಟ್ಟು, "ಶೀತಕ್ಕೂ ಗಂಟು ಊದುತ್ತೆ. ಇಳಿಯುತ್ತೆ ಬಿಡು" ಎಂದು ನಲ್ಲಿಯ ಕಡೆ ಹೋಗಿದ್ದ. ಹೋಗಿ, ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆದಿದ್ದ.

ಪಶುವೈದ್ಯ ಕಾಲೇಜಿನಲ್ಲಿ ಅಂಗರಚನೆ ಕಲಿಸುತ್ತಿದ್ದ ಮುದುಕ ಮೇಷ್ಟ್ರು ಸತ್ತ ನಾಯಿಯ ಮುಂಗಾಲಿನ ಪಾದಕ್ಕೆ ನೀಲಿ ಶಾಯಿ ಚುಚ್ಚಿ, "ಈಗ ತಿಕ್ಕು" ಎಂದು ಅವನ ಕೈಗೆ ಕೊಟ್ಟಿದ್ದರು. ಉಳಿದವರು ಐದು ನಿಮಿಷಕ್ಕೇ ಬೇಸರಪಟ್ಟು ಚಹಾ ಕುಡಿಯಲು ಹೋದರು. ಅವನೊಬ್ಬ ಒಂದು ಗಂಟೆ ಕೂತು ಪಾದದಿಂದ ಮೇಲಕ್ಕೆ, ಪಾದದಿಂದ ಮೇಲಕ್ಕೆ ನೀವುತ್ತಿದ್ದ. ಕೊನೆಗೆ ಮೇಷ್ಟ್ರು ಚರ್ಮ ಬಿಡಿಸಿದಾಗ ಕೂದಲಿಗಿಂತ ತೆಳ್ಳಗಿನ ನೀಲಿ ದಾರವೊಂದು ಕಾಲುದ್ದಕ್ಕೂ ಏರಿಹೋಗಿ ಗಂಟಿನಲ್ಲಿ ಸೇರಿಕೊಂಡಿತ್ತು. ಗಂಟಿಗೆ ಗಂಟೇ ನೀಲಿ. "ನೋಡಿದೆಯಾ? ರಕ್ತಕ್ಕೆ ತಳ್ಳೋಕೆ ಹೃದಯ ಇದೆ. ಇದಕ್ಕೆ ಹಿಂದೆ ಮುಂದೆ ಯಾರೂ ಇಲ್ಲ. ಮೈ ಅಲುಗಿದರೆ ಇದು ಅಲುಗುತ್ತೆ. ನಾಳದ ಒಳಗೆ ಕದಗಳಿವೆ, ಮುಂದೆ ಹೋದದ್ದು ಹಿಂದಕ್ಕೆ ಬರೋ ಹಾಗಿಲ್ಲ. ಸತ್ತದ್ದಕ್ಕೆ ನೀನು ತಿಕ್ಕಬೇಕು, ಬದುಕಿದ್ದರೆ ಅದೇ ಓಡಾಡಿಕೊಂಡು ತಾನಾಗಿ ತಲುಪಿಸುತ್ತೆ" ಎಂದು ಮೇಷ್ಟ್ರು ಅವನ ಬೆನ್ನು ತಟ್ಟಿದ್ದರು. ಆ ತಟ್ಟುವಿಕೆಯ ಮೇಲೆ ಅವನು ಎಷ್ಟೋ ವರ್ಷ ಬದುಕಿದ. ಈಗ ನಾಲ್ಕು ಹೆಜ್ಜೆ ಆಚೆ ತಲೆಯಣ್ಣನ ಬಲಗೈ ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಿತ್ತು. ಪ್ರತಿ ಸೀಳಿಗೂ ಆ ಕೈ ತನ್ನೊಳಗಿನದನ್ನು ಒಂದಿಷ್ಟು ಮೇಲಕ್ಕೆ ತಳ್ಳುತ್ತಿತ್ತು. ನಿಲ್ಲಿಸು ಮಾರಾಯ, ಆ ಕೈಯನ್ನು ಒಂದು ಗಳಿಗೆ ನಿಲ್ಲಿಸು ಎಂದು ಅವನಿಗೆ ಹೇಳಬೇಕೆನಿಸಿತು. ಬದಲಿಗೆ, "ಇನ್ನೆಷ್ಟು ಇವೆ?" ಎಂದು ಕೇಳಿದ. "ಹನ್ನೆರಡು" ಎಂದ ತಲೆಯಣ್ಣ. "ಮುಗಿದ ಕೂಡ್ಲೇ ಹೊರಡೋಣ. ಆಸ್ಪತ್ರೇಲಿ ಒಂದು ಗಂಟೆಗೆ ಬನ್ನಿ ಅಂದಿದ್ದಾರೆ. ಕೆಲಸದ ಜಾಗದಲ್ಲಿ ತಿಳಿದೋರು ಯಾರಾದ್ರೂ ಇದ್ರೆ ಕರ್ಕೊಂಡು ಬಾ ಅಂದ್ರು, ಆಮೇಲೆ ನೀವು ಬರೋಲ್ಲ ಅನ್ಬಾರ್ದು."

ಏಳು ತಿಂಗಳ ಹಿಂದಿನ ಆ ದಿನವೂ ಇಷ್ಟೇ ಸಾಧಾರಣವಾಗಿತ್ತು. ಅದಕ್ಕೆ ಒಂದು ವಾರ ಮುಂಚೆ, ಒಳಾಂಗಗಳನ್ನು ನೋಡುವ ಸರದಿಯಲ್ಲಿದ್ದಾಗ, ಅವನು ಒಂದು ಎದೆಯ ಗಂಟಿನಲ್ಲಿ ಸುಣ್ಣದಂಥ ಕಣ ಕಂಡು, ಕ್ಷಯವೆಂದು ಸರಪಳಿ ನಿಲ್ಲಿಸಿದ್ದ. ಎಂಬತ್ತು ಜನ ಎರಡು ಗಂಟೆ ಕೈಕಟ್ಟಿ ನಿಂತರು. ಪ್ರಯೋಗಾಲಯದವರು ಅದು ಹಳೆಯ ಹುಳುವಿನ ಗುರುತು, ಬೇರೇನೂ ಅಲ್ಲ ಎಂದು ಬರೆದು ಕಳಿಸಿದರು. ಮ್ಯಾನೇಜರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರುದಿನ ಊಟದ ಹೊತ್ತಿಗೆ ಎಲ್ಲರ ಮುಂದೆ ಅವನ ತಟ್ಟೆಯೊಳಗೆ ಬಗ್ಗಿ, "ಡಾಕ್ಟ್ರೇ, ಈ ಬಟಾಣಿ ಕೊಯ್ದು ನೋಡಿದ್ರಾ? ಗಂಟಿನ ಥರ ಕಾಣುತ್ತೆ, ನಿಲ್ಲಿಸ್ಬೇಕಾ ಊಟ?" ಎಂದ. ಮೇಜಿಗೆ ಮೇಜೇ ನಕ್ಕಿತು. ಅವನೂ ನಕ್ಕ. ನಗದಿದ್ದರೆ ಇನ್ನಷ್ಟು ನಗುತ್ತಾರೆಂದು ನಕ್ಕ. ಅಂದಿನಿಂದ ಅವನು ಕಾರಿಡಾರಿನಲ್ಲಿ ಬಂದರೆ ಹಿಂದಿನಿಂದ ಯಾರೋ "ಬಟಾಣಿ" ಎಂದು ಕೆಮ್ಮುತ್ತಿದ್ದರು. ಹೀಗಿರುವಾಗ ಒಂದು ಮುದಿ ಹಾಲೆಮ್ಮೆಯ ತಲೆ ಬಂತು. ಎಡದವಡೆಯ ಗಂಟು ಎಂದಿನದಕ್ಕಿಂತ ಇಮ್ಮಡಿ ಇತ್ತು. ಚಾಕು ಇಳಿಸಿದರೆ ಮರಳಿನ ಮೇಲೆ ಎಳೆದಂತೆ ಕರಕರ ಅಂದಿತು, ಒಳಗಿಂದ ಒಣ ಮೊಸರಿನಂಥದ್ದು ಹಳದಿಯಾಗಿ ಉದುರಿತು. ಈ ಸಲ ಅನುಮಾನವೇ ಇರಲಿಲ್ಲ. ಕೈ ಎತ್ತಬೇಕು, ಸರಪಳಿ ನಿಲ್ಲಿಸಬೇಕು, ತಲೆಯನ್ನೂ ದೇಹವನ್ನೂ ಸುಡಲು ಕಳಿಸಬೇಕು, ಮುಟ್ಟಿದವರೆಲ್ಲ ಬಿಸಿನೀರಿನಲ್ಲಿ ತೊಳೆದುಕೊಳ್ಳಬೇಕು. ಅವನ ಕೈ ಅರ್ಧಕ್ಕೆ ಎದ್ದಿತು. ಗಾಜಿನ ಆಚೆ ಮ್ಯಾನೇಜರ್ ಯಾರೊಂದಿಗೋ ಮಾತಾಡುತ್ತಾ ನಗುತ್ತಿದ್ದ. ಯಾವ ವಿಷಯಕ್ಕೆ ನಗುತ್ತಿದ್ದನೋ ದೇವರಿಗೇ ಗೊತ್ತು. ಎದ್ದ ಕೈ ಇಳಿಯಿತು. ಅವನು ಗಂಟನ್ನು ಬುಡಸಮೇತ ಕತ್ತರಿಸಿ ಎಡ ಅಂಗೈಯಲ್ಲಿ ಹಿಡಿದು, ಕೈಗವಸನ್ನು ಒಳಹೊರಗು ಮಾಡಿ ಕಳಚಿದ. ಗಂಟು ಅದರೊಳಗೆ ಉಳಿಯಿತು, ಕೈಗವಸು ಕಸದ ಡಬ್ಬಿಗೆ ಹೋಯಿತು. ಉಳಿದ ಐದು ಗಂಟು ಚೆನ್ನಾಗಿವೆ, ಎದೆಯದೂ ಚೆನ್ನಾಗಿಯೇ ಇರಬೇಕು, ಬೇಯಿಸಿ ತಿನ್ನುವವರಿಗೆ ಏನೂ ಆಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಬೇಯಿಸುವ ಮುಂಚೆ ಮುಟ್ಟುವವನೊಬ್ಬ ಇದ್ದಾನೆ ಎಂಬುದು ಹೊಳೆಯುವ ಹೊತ್ತಿಗೆ ತಲೆ ನಾಲ್ಕು ಹೆಜ್ಜೆ ಆಚೆ ಹೋಗಿತ್ತು. ತಲೆಯಣ್ಣ ಆವತ್ತು ತೋರುಬೆರಳಿಗೆ ಬಟ್ಟೆಯ ಚೂರು ಸುತ್ತಿಕೊಂಡಿದ್ದ. ಸಂಜೆ ದಾಖಲೆ ಪುಸ್ತಕದಲ್ಲಿ ಅವನು ಎಂದಿನಂತೆ ಬರೆದ: ಗಂಟುಗಳು ಸಹಜ.

ಬಸ್ಸಿನಲ್ಲಿ ತಲೆಯಣ್ಣ ಕಿಟಕಿಯ ಪಕ್ಕ ಕೂತು ತನ್ನ ಮಗಳ ವಿಷಯ ಹೇಳುತ್ತಿದ್ದ. ಅವಳು ಟೈಲರಿಂಗ್ ಕಲಿತು ಮೊದಲ ಸಲ ಅಪ್ಪನಿಗೆಂದು ಅಂಗಿ ಹೊಲಿದಿದ್ದಳು, ಬಲ ಕಂಕುಳಲ್ಲಿ ಬಟ್ಟೆ ಸಡಿಲ ಬಿಟ್ಟಿದ್ದಳು. "ಊತ ಇಳಿದ ಮೇಲೆ ಒಳಗೆ ಹೊಲಿಗೆ ಹಾಕ್ತಾಳಂತೆ" ಎಂದು ತೋರಿಸಿದ. ಅವನು ಅಂಗಿಯ ಹೊಲಿಗೆ ನೋಡಿದ. ಮನೆಯಲ್ಲಿ ಹೆಂಡತಿಗೆ ಹೇಳಿಬಿಡಬೇಕೆಂದು ಈ ಮೂರು ವಾರದಲ್ಲಿ ಎಷ್ಟು ಸಲ ಬಾಯಿ ತೆರೆದಿದ್ದನೋ. ಅವಳು ಪಾತ್ರೆ ಒರೆಸುತ್ತಿರುವಾಗ ಹಿಂದೆ ಹೋಗಿ ನಿಲ್ಲುತ್ತಿದ್ದ. ಕೈ ಅವಳ ಕೆನ್ನೆಗೆ ಹೋಗಿ, ಅಲ್ಲಿಂದ ಜಾರಿ, ಹೆಬ್ಬೆರಳು ಅಭ್ಯಾಸಬಲದಿಂದ ದವಡೆಯ ಕೆಳಗೆ ಒತ್ತುತ್ತಿತ್ತು. "ಏನೂ ಇಲ್ಲ ಅಲ್ಲಿ, ಪಾಸು ಮಾಡಿ" ಎನ್ನುತ್ತಿದ್ದಳು ಅವಳು ತಿರುಗದೆ. ಮದುವೆಯಾದ ಹೊಸತರಲ್ಲಿ ಅದಕ್ಕೆ ಇಬ್ಬರೂ ನಗುತ್ತಿದ್ದರು. ಮೊನ್ನೆ ಮಾತ್ರ ಅವಳು ಕೈ ಒರೆಸಿಕೊಂಡು ಅವನ ಮುಖ ನೋಡಿ, "ಯಾಕೆ ಹೀಗೆ ಇಳಿದು ಹೋಗಿದ್ದೀರಿ? ಅಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ?" ಎಂದು ಕೇಳಿದಳು. ಅಂದರು ಎಂದು ಹೇಳುವುದು ಸುಲಭವಾಗಿತ್ತು. ಬಟಾಣಿಯ ಕಥೆ ಹೇಳಿದ. ಅವಳಿಗೆ ಕಣ್ಣು ತುಂಬಿತು, ಮ್ಯಾನೇಜರ್‌ನ ಕೈಗೆ ಹುಳ ಬೀಳಲಿ ಎಂದು ಶಪಿಸಿದಳು. ತನ್ನ ಅಪರಾಧದ ಜಾಗದಲ್ಲಿ ತನ್ನ ಅವಮಾನವನ್ನಿಟ್ಟು ಅವಳ ಕರುಣೆ ಗಿಟ್ಟಿಸಿಕೊಂಡೆನಲ್ಲ ಎಂದು ಅವನಿಗೆ ಆ ರಾತ್ರಿಯಿಡೀ ಅಸಹ್ಯವಾಯಿತು. ಇವತ್ತು ಹೇಳುತ್ತೇನೆ, ಇವತ್ತು ಹೇಳಿಯೇ ತೀರುತ್ತೇನೆ ಎಂದು ಅವನು ಬಸ್ಸಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡ. ಹೇಳಿದರೆ ಕೆಲಸ ಹೋಗುತ್ತದೆ, ಹೋಗಲಿ. ತಲೆಯಣ್ಣನಿಗೆ ಒಂಬತ್ತು ತಿಂಗಳು ಮಾತ್ರೆ ಕೊಡುತ್ತಾರೆ, ಬದುಕುತ್ತಾನೆ. ಲೆಕ್ಕ ಇಷ್ಟು ಸರಳವಿದ್ದಾಗ ಯಾಕೆ ಈ ಒದ್ದಾಟ ಎಂದು ಅವನಿಗೆ ಒಂದು ಗಳಿಗೆ ಹಗುರವೂ ಆಯಿತು.

ಆಸ್ಪತ್ರೆಯ ಬಾಗಿಲಲ್ಲಿ ಕೂತಿದ್ದ ಜವಾನ ಚೀಟಿ ನೋಡಿ, ತಲೆಯಣ್ಣನಿಗೆ ಒಳಗೆ ಹೋಗಲು ಹೇಳಿ, ಜೊತೆಗಿದ್ದ ಅವನಿಗೆ ಕೈ ಅಡ್ಡ ಹಿಡಿದ. "ನೀವು?" "ಡಾಕ್ಟರ್" ಎಂದ ಅವನು. ಜವಾನ ಥಟ್ಟನೆ ಎದ್ದು ನಿಂತ. "ಯಾವ ವಿಭಾಗ ಸಾರ್?" "ಪಶು" ಎಂದಾಗ ಜವಾನ ಮತ್ತೆ ಕೂತುಕೊಂಡ. ಕೂತುಕೊಂಡದ್ದು ಇಷ್ಟೇ, ಒಂದು ಮಾತೂ ಆಡಲಿಲ್ಲ. ಆದರೂ ಬೆಂಚಿನ ಮೇಲಿದ್ದ ರೋಗಿಗಳೆಲ್ಲ ನೋಡಿದರೆಂದು ಅವನ ಕಿವಿ ಬಿಸಿಯಾಯಿತು. "ನಮ್ಮ ಡಾಕ್ಟ್ರು ಅವರು, ನನ್ನ ಜೊತೆ ಬಂದಿದ್ದಾರೆ" ಎಂದು ತಲೆಯಣ್ಣನೇ ಅವನನ್ನು ಒಳಗೆ ಕರೆದುಕೊಂಡು ಹೋದ.

ವೈದ್ಯೆ ನಡುವಯಸ್ಸಿನವಳು, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡಿದ್ದಳು. ತಲೆಯಣ್ಣನನ್ನು ಬಟ್ಟೆಯ ಪರದೆಯ ಹಿಂದೆ ಕರೆದುಕೊಂಡು ಹೋಗಿ, ಕಂಕುಳನ್ನು ಮತ್ತೊಮ್ಮೆ ಒತ್ತಿ ನೋಡಿ ಬಂದು ಕೈ ತೊಳೆದಳು. "ಕೂತ್ಕೊಳ್ಳಿ ಡಾಕ್ಟರ್" ಎಂದು ತಾನೇ ಕುರ್ಚಿ ಎಳೆದಳು. ಹತ್ತೊಂಬತ್ತು ವರ್ಷದಲ್ಲಿ ಮನುಷ್ಯರ ವೈದ್ಯರೊಬ್ಬರು ಅವನನ್ನು ಹಾಗೆ ಕರೆದದ್ದು ಅದೇ ಮೊದಲು. "ಸೂಜಿ ಹಾಕಿ ಎರಡು ಸಲ ತೆಗೆದ್ವಿ. ಸತ್ತ ಜೀವಕೋಶ ಬಿಟ್ಟು ಏನೂ ಸಿಗ್ಲಿಲ್ಲ. ಕೊಯ್ದು ತೆಗೆದು ನೋಡೋಣ ಅಂದ್ರೆ ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡಿದೆ. ಎದೆ ಎಕ್ಸ್‌ರೇ ಚೆನ್ನಾಗಿದೆ, ಕೆಮ್ಮಿಲ್ಲ. ಎರಡರಲ್ಲಿ ಒಂದು. ಒಂದು, ಗಂಟಿನ ಕ್ಯಾನ್ಸರ್. ಇನ್ನೊಂದು, ಸೋಂಕು, ಕ್ಷಯದ ಥರದ್ದು. ಎರಡರ ಔಷಧಿ ಒಂದಕ್ಕೊಂದು ಶತ್ರು. ಕ್ಯಾನ್ಸರಿಗೆ ಕೊಡೋದು ಮೈಯ ಕಾವಲನ್ನೇ ಕಿತ್ತು ಹಾಕುತ್ತೆ. ಒಳಗೆ ಸೋಂಕಿದ್ದು ನಾನು ಅದನ್ನ ಕೊಟ್ರೆ, ನಾನೇ ಕದ ತೆಗೆದು ಬಿಟ್ಟ ಹಾಗೆ. ತಿಂಗಳೂ ಉಳಿಯೋಲ್ಲ ಮನುಷ್ಯ. ಸುಮ್ನೆ ಕಾಯೋಣ ಅಂದ್ರೆ ಗಂಟು ವಾರ ವಾರಕ್ಕೆ ಬೆಳೀತಿದೆ." ಅವಳ ದನಿ ದಣಿದಿತ್ತು, ಆದರೆ ಅದರಲ್ಲಿ ಸಮಾನರ ಜೊತೆ ಮಾತಾಡುವ ಸಲುಗೆ ಇತ್ತು. ಪರದೆಯ ಕೆಳಗೆ ತಲೆಯಣ್ಣನ ಪಾದಗಳು ಕಾಣುತ್ತಿದ್ದವು. "ಅದಕ್ಕೇ ನಿಮ್ಮನ್ನ ಕರೆಸಿದ್ದು. ರೋಗದ ಪ್ರಾಣಿ ಏನಾದ್ರೂ ಇವರ ಕೈಗೆ ಬಂದಿತ್ತಾ?"

"ನಮ್ಮ ಡಾಕ್ಟ್ರು ಒಂದೊಂದು ತಲೇನೂ ನೋಡಿಯೇ ನನ್ನ ಹತ್ರ ಬಿಡೋದು ಮೇಡಂ" ಎಂದ ತಲೆಯಣ್ಣ ಪರದೆಯ ಹಿಂದಿನಿಂದ. ಆಮೇಲೆ ಪಾದಗಳು ಅಲುಗಲಿಲ್ಲ.

ಅವನು ಬಾಯಿ ತೆರೆದ. ಏಳು ತಿಂಗಳ ಹಿಂದೆ, ಎಂಬ ಮಾತು ನಾಲಿಗೆಯ ಮೇಲೆ ಸಿದ್ಧವಾಗಿ ಕೂತಿತ್ತು. ಆಗ ವೈದ್ಯೆ ಕನ್ನಡಕ ಇಳಿಸಿಕೊಂಡು, "ಒಬ್ಬ ವೈದ್ಯರು ಇನ್ನೊಬ್ಬ ವೈದ್ಯರಿಗೆ ಹೇಳಿದ್ರೆ ಸಾಕು, ನಾನು ಬೇರೆ ಯಾರನ್ನೂ ಕೇಳೋಲ್ಲ" ಎಂದು ಅವನನ್ನು ನೇರವಾಗಿ ನೋಡಿದಳು. ಆ ನೋಟದಲ್ಲಿದ್ದ ಗೌರವ ಇನ್ನೊಂದು ಕ್ಷಣ ಇದ್ದರೆ ಸಾಕು, ಆಮೇಲೆ ಹೇಳುತ್ತೇನೆ ಎನಿಸಿತು ಅವನಿಗೆ. ಈ ಹೆಂಗಸಿನ ಮುಖ ಬದಲಾಗುವುದನ್ನು, ಅವಳು ಆ ಜವಾನನಂತೆ ಮತ್ತೆ ಕುರ್ಚಿಗೆ ಒರಗುವುದನ್ನು ಅವನಿಗೆ ಆಗಲೇ ಕಣ್ಣಾರೆ ಕಂಡಂತಾಯಿತು. "ಇಲ್ಲ" ಎಂದ. ತನ್ನ ದನಿ ಎಷ್ಟು ಸಹಜವಾಗಿದೆಯಲ್ಲ ಎಂದು ಬೆರಗಾಯಿತು. "ಈ ಒಂದು ವರ್ಷದಲ್ಲಿ ಅಂಥದ್ದು ಯಾವುದೂ ಬಂದಿಲ್ಲ. ಆರೂ ಗಂಟು ಕೊಯ್ದು ನೋಡ್ತೀವಿ." ಇಷ್ಟಕ್ಕೇ ನಿಲ್ಲಿಸಬಹುದಿತ್ತು, ಆದರೂ ದವಡೆಯ ಗಂಟು ಎಲ್ಲಿರುತ್ತದೆ, ಹೇಗೆ ಕೊಯ್ಯುತ್ತಾರೆ ಎಂದು ವಿವರಿಸಲು ತೊಡಗಿದ. ಅವಳು ಆಸಕ್ತಿಯಿಂದ ಕೇಳಿದಳು. ತುಂಬ ಚೆನ್ನಾಗಿ ಹೇಳಿದ. "ಬರೆದು ಕೊಡ್ತೀರಾ?" ಎಂದು ಅವಳು ಹಾಳೆ ಮುಂದೆ ತಳ್ಳಿದಾಗ ಬರೆದು, ರುಜು ಹಾಕಿ, ಕೆಳಗೆ ನೋಂದಣಿ ಸಂಖ್ಯೆಯನ್ನೂ ಬರೆದ. "ಹಾಗಾದ್ರೆ ಸೋಮವಾರ ಕ್ಯಾನ್ಸರಿನ ಔಷಧಿ ಶುರು ಮಾಡೋಣ" ಎಂದು ಅವಳು ಪರದೆಯ ಕಡೆಗೆ ತಿರುಗಿ ದನಿಯೆತ್ತಿ ಹೇಳಿದಳು.

ಹೊರಗೆ ಮೆಟ್ಟಿಲ ಹತ್ತಿರ ತಲೆಯಣ್ಣ ನಿಂತು, ಹೊಸ ಅಂಗಿಯ ಗುಂಡಿಗಳನ್ನು ಎಡಗೈಯಲ್ಲಿ ನಿಧಾನವಾಗಿ ಹಾಕಿಕೊಂಡ. ಬಿಸಿಲು ಚುರುಗುಟ್ಟುತ್ತಿತ್ತು. "ಆವತ್ತು ನೀವು ಒಂದೇ ಕೈಗವಸು ಕಳಚಿದ್ರಿ" ಎಂದ.

ಅವನಿಗೆ ಯಾವತ್ತು ಎಂದು ಕೇಳುವ ಧೈರ್ಯವಾಗಲಿಲ್ಲ.

"ಊಟಕ್ಕೆ ಹೋಗೋವಾಗ ಎರಡೂ ಕಳಚ್ತೀರಿ. ಕೆಲಸದ ನಡುವೆ ಎಡಗೈದು ಒಂದೇ ಕಳಚಿದ್ದು ಇಷ್ಟು ವರ್ಷದಲ್ಲಿ ಅದೇ ಸಲ. ಆಮೇಲೆ ನನ್ನ ಮೇಜಿಗೆ ಬಂದ ತಲೇಲಿ ಎಡದವಡೆ ಗಂಟೇ ಇರ್ಲಿಲ್ಲ, ಗುಳಿ ಇತ್ತು. ಅದರಲ್ಲಿ ಏನಿತ್ತೋ ನನಗೆ ಗೊತ್ತಾಗೋಲ್ಲ. ಏನೋ ಇತ್ತು."

"ಮತ್ತೆ ಒಳಗೆ ಯಾಕೆ ಹೇಳ್ಲಿಲ್ಲ ನೀನು?" ಅವನ ದನಿ ಗದರಿಸುವಂತೆ ಬಂತು. ಗದರಿಸಲು ತನಗೇನು ಹಕ್ಕು ಎಂದು ಮರುಕ್ಷಣವೇ ನಾಚಿಕೆಯಾಯಿತು.

"ನಾನು ತಲೆ ಸೀಳೋನು ಡಾಕ್ಟ್ರೇ. ನಾನು ಹೌದು ಅಂದು, ಪಕ್ಕದಲ್ಲಿ ಕೂತು ನೀವು ಇಲ್ಲ ಅಂದ್ರೆ, ಆಕೆ ಯಾರನ್ನ ನಂಬ್ತಾರೆ? ನಿಮ್ಮ ಬಾಯಲ್ಲೇ ಬರ್ಲಿ ಅಂತ ಕರ್ಕೊಂಡು ಬಂದೆ. ಬಸ್ಸಲ್ಲಿ ನೋಡ್ತಾನೇ ಇದ್ದೆ. ಹೇಳೋರ ಮುಖ ಇತ್ತು ನಿಮ್ದು."

ಅವನು "ಇಲ್ಲೇ ಇರು, ಈಗಲೇ ಹೋಗಿ ಹೇಳ್ತೀನಿ" ಎಂದು ತಿರುಗಿ, ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ, ಕಾರಿಡಾರಿನಲ್ಲಿ ಬಹುತೇಕ ಓಡಿದ. ಓಡುತ್ತಿರುವಾಗ ಅವನಿಗೆ ಅನುಮಾನವೇ ಇರಲಿಲ್ಲ. ಬಾಗಿಲು ಅರ್ಧ ತೆರೆದಿತ್ತು; ಒಳಗೆ ವೈದ್ಯೆ ಒಬ್ಬ ಮುದುಕಿಯ ಕಣ್ಣಿಗೆ ಟಾರ್ಚು ಹಿಡಿದಿದ್ದಳು. ಮೇಜಿನ ಮೇಲೆ ಅವನ ಹಾಳೆ ಇನ್ನೂ ಅಲ್ಲೇ ಇತ್ತು, ಮೇಲೆ ಪೇಪರ್‌ವೇಟ್. ಜವಾನ ಕೂತಲ್ಲಿಂದಲೇ ಕಾಲು ಚಾಚಿ ದಾರಿ ತಡೆದು, "ಈಗ ತಾನೇ ಹೋದ್ರಲ್ಲ ಪಶು ಡಾಕ್ಟ್ರು. ಮತ್ತೇನು?" ಎಂದ. ಬೆಂಚಿನ ಮೇಲಿದ್ದವರು ತಲೆಯೆತ್ತಿದರು. ಅವನು ಉಸಿರು ಹಿಡಿದುಕೊಂಡು, "ಕೊಡೆ ಮರೆತೆ" ಎಂದ.

ಜವಾನ ಗೊಣಗುತ್ತಾ ಒಳಗೆ ಹೋಗಿ, ಮೂಲೆಯಲ್ಲಿ ಯಾರೋ ಬಿಟ್ಟುಹೋಗಿದ್ದ ಕಪ್ಪು ಕೊಡೆಯೊಂದನ್ನು ತಂದು, ಹಿಡಿ ಮುಂದಾಗಿ ಕೊಟ್ಟ. ಅವನು ಅದನ್ನು ತೆಗೆದುಕೊಂಡ. ಥ್ಯಾಂಕ್ಸ್ ಎಂದೂ ಹೇಳಿದ. ಕಾರಿಡಾರಿನಲ್ಲಿ ವಾಪಸು ಬರುತ್ತಾ ಅದನ್ನು ಎಲ್ಲಾದರೂ ಇಟ್ಟುಬಿಡಬೇಕೆಂದುಕೊಂಡ, ಆದರೆ ಜವಾನ ನೋಡುತ್ತಿರಬಹುದು ಎನಿಸಿತು.

ತಲೆಯಣ್ಣ ಮೆಟ್ಟಿಲ ನೆರಳಿನಲ್ಲಿ ಕೂತಿದ್ದ. ಅವನ ಮುಖ ನೋಡಿದ, ಕೈಯಲ್ಲಿದ್ದ ಕೊಡೆ ನೋಡಿದ, ಆಮೇಲೆ ಬಿಸಿಲು ನೋಡಿದ. ಎಡಗೈ ಊರಿ ಎದ್ದು, ಅಂಗಿಯ ಹಿಂಭಾಗದ ಧೂಳು ಕೊಡವಿಕೊಂಡ.

"ಸೋಮವಾರ ನಿಮಗೆ ತೊಂದ್ರೆ ಕೊಡೋಲ್ಲ ಡಾಕ್ಟ್ರೇ" ಎಂದ. "ಮಗಳನ್ನ ಕರ್ಕೊಂಡು ಬರ್ತೀನಿ."

"ಆಗಲಿ" ಎಂದ ಅವನು.